ಕಾಲಿದ್ದಷ್ಟು ಸೈಕಲ್

ನಮ್ಮ ಮನೆಯಲ್ಲಿ ಮಕ್ಕಳಿಗೆ ಅವರ ಅಳತೆಯದ್ದನ್ನು ಯಾರೂ ಯಾವತ್ತೂ ಕೊಂಡವರಲ್ಲ. ಯೂನಿಫಾರ್ಮು ಹೊಲಿಸಿದರೆ ಅಂಚನ್ನು ಒಳಗೆ ಮಡಚಿ ಮಡಚಿ ಹೊಲಿಯಬೇಕು, ಮಗು ಬೆಳೆದಂತೆಲ್ಲ ಬಿಚ್ಚುತ್ತಾ ಹೋಗಬಹುದು. ಚಪ್ಪಲಿ ಕೊಂಡರೆ ಹಿಮ್ಮಡಿಯ ಹಿಂದೆ ಎರಡು ಬೆರಳು ಜಾಗ ಉಳಿಯಬೇಕು. ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ‘ಬೆಳೆಯೋ ಮಗು’ ಅಂದುಬಿಟ್ಟರೆ ಅದರ ಮೇಲೆ ಅಪೀಲಿಲ್ಲ. ನಾನೂ ದೊಡ್ಡ ಚಪ್ಪಲಿಯನ್ನು ಟಪಟಪ ಎಳೆದುಕೊಂಡೇ ಬೆಳೆದವಳು. ಬಟ್ಟೆ ಚಪ್ಪಲಿಯ ವಿಷಯದಲ್ಲಿ ನನ್ನ ತಕರಾರೂ ಇಲ್ಲ. ದೊಡ್ಡ ಲಂಗ ಹಾಕಿಕೊಂಡ ಮಗು ನೋಡಲು ಚಂದ ಕಾಣದೆ ಇರಬಹುದು, ಅಷ್ಟಕ್ಕೆ ಗದ್ದ ಒಡೆಯುವುದಿಲ್ಲ.

ನನ್ನ ಮಗಳ ಗದ್ದ ಒಡೆಯಿತು. ಆಗ ಅವಳಿಗೆ ಐದು ವರ್ಷ. ಯುಕೆಜಿಯಲ್ಲಿ ಸಾಲಿನ ಮುಂದೆ ನಿಲ್ಲುವ ಕುಳ್ಳಿ. ಭಾವ, ಅಂದರೆ ನನ್ನ ಗಂಡನ ಅಣ್ಣ, ತನ್ನ ಮಗ ಓಡಿಸಿ ಬಿಟ್ಟ ಸೈಕಲ್ಲನ್ನು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದರು. ಹತ್ತು ವರ್ಷದ ಹುಡುಗನ ಸೈಕಲ್ಲು ಅದು. ಸೀಟು ಎಷ್ಟು ಇಳಿಸಿದರೂ ಅವಳ ಕಾಲು ಗಾಳಿಯಲ್ಲೇ ನೇತಾಡುತ್ತಿತ್ತು. ಭಾವ ಹಿಂದಿನಿಂದ ಹಿಡಿದುಕೊಂಡು ಓಡಿದರು, “ತುಳಿ, ತುಳಿ” ಅಂದರು, ಸ್ವಲ್ಪ ದೂರ ಹೋಗಿ ಕೈಬಿಟ್ಟರು. ಸೈಕಲ್ ಒಂದು ಕಡೆಗೆ ವಾಲಿತು. ಊರಿಕೊಳ್ಳಲು ಕಾಲು ನೆಲಕ್ಕೆ ಎಟಕಬೇಕಲ್ಲ? ಎಟಕಲಿಲ್ಲ.

ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಅವಳು ಆ ಸೈಕಲ್ ಒರಗಿಸಿದ್ದ ಗೋಡೆಯ ಪಕ್ಕ ನಡೆಯುವುದನ್ನೂ ಬಿಟ್ಟಳು. ಅದರ ಮೇಲೆ ನಾವು ಟವೆಲ್ ಒಣಗಿಸತೊಡಗಿದೆವು. ಅಷ್ಟರಲ್ಲೇ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಮನೆಯವರ ಬಾಯಿಗೆ ಒಂದು ಮಾತು ಸಿಕ್ಕಿತು.

“ಇವ್ಳು ಪುಕ್ಕಲಿ ಕಣೇ. ಅವರಪ್ಪನಂಗೇ,” ಅಂದರು ಅತ್ತೆ, ಮಗ್ಗದಿಂದ ತಲೆ ಎತ್ತದೆಯೇ.

ಮನೆಯಲ್ಲಿ ಅಂಟಿಸಿದ ಹೆಸರು ಬಣ್ಣ ಕುಡಿದ ನೂಲಿನಂತೆ, ಎಷ್ಟು ಒಗೆದರೂ ಬಿಡುವುದಿಲ್ಲ. ಧರ್ಮಪುರಿಯ ತವರುಮನೆಯಲ್ಲಿ ನನ್ನನ್ನು ಚಿಕ್ಕವಳಿದ್ದಾಗಲೇ ‘ಬಾಯಿಬಡುಕಿ’ ಅಂದುಬಿಟ್ಟಿದ್ದರು, ಇವತ್ತಿನವರೆಗೂ ಆ ಹೆಸರಿಗೆ ನಾನು ಕುಂದು ತಂದಿಲ್ಲ. ಆದ್ದರಿಂದಲೇ ನನಗೆ ಭಯವಾಯಿತು. ಭಯ ಪಟ್ಟದ್ದು ಸುಳ್ಳೂ ಆಗಲಿಲ್ಲ. ಒಂದು ದಿನ ಶಾಲೆಯ ಮಿಸ್ಸು ನನ್ನನ್ನು ನಿಲ್ಲಿಸಿ, ಮಗು ಜಾರುಬಂಡೆ ಹತ್ತಲು ಒಲ್ಲೆ ಅನ್ನುತ್ತಾಳೆ ಎಂದರು. ಯಾಕೆ ಅಂತ ಕೇಳಿದರೆ, “ನಾನ್ ಭಯಂದಾಂಗೊಳ್ಳಿ ಮಿಸ್” ಅಂದಳಂತೆ. ನಾನು ಪುಕ್ಕಲಿ, ಮಿಸ್. ಮನೆಯ ಕನ್ನಡವನ್ನು ತಾನೇ ತಮಿಳು ಮಾಡಿಕೊಂಡು ಶಾಲೆಗೆ ಹೊತ್ತುಕೊಂಡು ಹೋಗಿದ್ದಳು. 

ಆ ಸಂಜೆಯೇ ಎಲ್ಲರ ಮುಂದೆ ಹೇಳಿದೆ. “ಮಗೂಗೆ ಭಯ ಇಲ್ಲ. ಸೈಕಲ್ಲು ದೊಡ್ಡದು, ಅಷ್ಟೇ. ಅವಳ ಕಾಲಿಗೆ ಸರಿಯಾದ್ದು ಒಂದು ತರ್ತೀನಿ.”

ಭಾವ ನಕ್ಕರು. “ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ.”

“ನೆಲ ಡೊಂಕಾಗಿದ್ರೆ ಡೊಂಕು ಅನ್ನದೆ ಇನ್ನೇನನ್ಬೇಕು ಭಾವ?”

“ಈಗ್ಯಾಕೆ ವೇಸ್ಟು?” ಅಂದರು ಅತ್ತೆ. “ಪ್ಲಸ್ ಒನ್ನಿಗೆ ಬಂದ್ರೆ ಗವರ್ಮೆಂಟೇ ಸೈಕಲ್ ಕೊಡ್ತೈತೆ.”

ಯುಕೆಜಿ ಮಗುವಿಗೆ ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸಿನ ತನಕ ಕಾಯಿ ಅನ್ನುವ ತಾಳ್ಮೆ ನಮ್ಮ ಅತ್ತೆಗೆ ಮಾತ್ರ ಉಂಟು. ನನ್ನ ಗಂಡ ಎಂದಿನಂತೆ “ನಿನ್ನಿಷ್ಟ” ಅಂದರು. ಅದು ಒಪ್ಪಿಗೆಯೋ ತಪ್ಪಿಸಿಕೊಳ್ಳುವ ದಾರಿಯೋ ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಒಪ್ಪಿಗೆ ಅಂದುಕೊಂಡೆ.

ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಕಾಲಸಂದಿಯಿಂದ ನೆಲದವರೆಗೆ ಒಂದು ನೂಲೆಳೆ ಹಿಡಿದು ಗಂಟು ಹಾಕಿಕೊಂಡೆ. ಆ ನೂಲನ್ನು ಪರ್ಸಿನಲ್ಲಿಟ್ಟುಕೊಂಡು ಸೇಲಂನ ಒಂದು ಸೈಕಲ್ ಅಂಗಡಿಗೆ ಹೋದೆವು. ಅಂಗಡಿಯವನು ಮಗುವಿನ ವಯಸ್ಸು ಕೇಳಿದ. ವಯಸ್ಸು ಬೇಡ, ಕಾಲಿನ ಅಳತೆ ತಗೋ ಅಂತ ನೂಲು ಕೊಟ್ಟೆ. ಅವನು ನೂಲನ್ನೂ ನನ್ನನ್ನೂ ಒಮ್ಮೆ ನೋಡಿ, ಒಳಗಿನಿಂದ ದೊಡ್ಡ ಸೈಕಲ್ಲನ್ನೇ ತಂದ. “ಪಾಪ್ಪಾ ವಳರುವಾಲ್ಲ ಅಕ್ಕಾ, ಪೆರಿಸಾ ವಾಂಗುಂಗ!” ಮಗು ಬೆಳೆಯುತ್ತಾಳಲ್ಲ, ದೊಡ್ಡದೇ ತಗೊಳ್ಳಿ ಅಂತ. ನಮ್ಮತ್ತೆಯೇ ಗಂಡುವೇಷ ಹಾಕಿಕೊಂಡು ಅಂಗಡಿಯಲ್ಲಿ ಕೂತಂತೆ ಕಂಡಿತು.

ಚಿಕ್ಕವೂ ಇದ್ದವು, ಇಲ್ಲವೆಂದಲ್ಲ. ಆದರೆ ಮುಂದೊಂದು ಬುಟ್ಟಿ, ಹಿಡಿಗೆ ಜರಿ ಗೊಂಚಲು, ಗೊಂಬೆಯನ್ನು ಕೂರಿಸಲು ಹಿಂದೊಂದು ಸೀಟು, ದಪ್ಪ ಟೈರು. ಒಂದನ್ನು ಎತ್ತಿ ನೋಡಿದೆ, ನನಗೇ ಭಾರ. ಅದು ವಾಲಿದರೆ ನನ್ನ ಮಗಳು ತಡೆದಾಳೆಯೇ? ಬ್ರೇಕಿನ ಹಿಡಿ ಅವಳ ಬೆರಳಿಗೆ ಎಟಕಲಿಲ್ಲ, ಎಟಕಿದರೂ ಒತ್ತಲು ಬರಲಿಲ್ಲ. ಬೆಲೆ ಕೇಳಿದರೆ ಬುಟ್ಟಿಗೂ ಜರಿಗೂ ಸೇರಿಸಿಯೇ ಹೇಳಿದ. ಇದೇ ದುಡ್ಡಿಗೆ ದೊಡ್ಡದು ಬರುತ್ತದೆ, ಐದು ವರ್ಷ ಓಡುತ್ತದೆ ಅಂತ ಮತ್ತೆ ಅದೇ ರಾಗ ತೆಗೆದ. ಹಾಗಾದರೆ ಐದು ವರ್ಷ ಬಿಟ್ಟು ಬರುತ್ತೇನೆ ಅಂತ ತಮಿಳಿನಲ್ಲೇ ಹೇಳಿ ಎದ್ದು ಬಂದೆ. ಮಗಳು ಅಲ್ಲಿ ಯಾವ ಸೈಕಲ್ ಮೇಲೂ ತಾನಾಗಿ ಕೂರಲಿಲ್ಲ. ಕೂರಿಸಿದಾಗಲೆಲ್ಲ ನನ್ನ ಸೆರಗನ್ನು ಹಿಡಿದೇ ಇದ್ದಳು.

ಮನೆಯ ಲೆಕ್ಕವೂ ಅಂಗಡಿಯ ಲೆಕ್ಕವೂ ಒಂದೇ: ದೊಡ್ಡದು ಕೊಂಡರೆ ಉಳಿತಾಯ. ಓಡದೆ ಗೋಡೆಗೆ ಒರಗಿದ ಸೈಕಲ್ಲು ಅಗ್ಗ ಹೇಗಾಗುತ್ತದೆಂದು ನನಗೆ ಇವತ್ತಿಗೂ ಯಾರೂ ಹೇಳಿಕೊಟ್ಟಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮಗೆಲ್ಲ ಬುದ್ಧಿ ಹೇಳುತ್ತಾರೆ. ಕಾಲಿದ್ದಷ್ಟು ಸೈಕಲ್ ಕೊಳ್ಳು ಅಂತ ಹೇಳಿದವರನ್ನು ನಾನು ಕಂಡಿಲ್ಲ.

ಮುಂದಿನ ವಾರ ಮಗಳನ್ನು ಕರೆದುಕೊಂಡು ತವರಿಗೆ ಹೋದಾಗ ಧರ್ಮಪುರಿಯಲ್ಲಿ ಹಳೇ ಸೈಕಲ್ ಮಾರುವ ಒಂದು ಅಂಗಡಿಗೆ ನುಗ್ಗಿದೆ. ರಾಶಿಯೊಳಗೆ ಒಂದು ಹಳದಿ ಸೈಕಲ್ಲಿತ್ತು. ಬಣ್ಣ ಅಲ್ಲಲ್ಲಿ ಎದ್ದಿತ್ತು, ಬುಟ್ಟಿ ಇಲ್ಲ, ಜರಿ ಇಲ್ಲ. ಒಂದೇ ಕೈಯಲ್ಲಿ ಎತ್ತಿದೆ, ಬಂತು. ಸೀಟಿಗೆ ನೂಲು ಹಿಡಿದೆ. ಗಂಟು ನೆಲ ಮುಟ್ಟಿತು. ನಾನು ಅಂಗಡಿಯವನ ಜೊತೆ ಚೌಕಾಸಿಗೆ ನಿಂತೆ, ಟೈರು ಸವೆದಿದೆ ಅಂದೆ, ಬ್ರೇಕಿನ ರಬ್ಬರು ಹೋಗಿದೆ ಅಂದೆ. ಮಾತಾಡುತ್ತಾ ತಿರುಗಿ ನೋಡಿದರೆ ಮಗಳು ಅದರ ಮೇಲೆ ಕೂತಿದ್ದಾಳೆ. ಯಾರೂ ಕೂರಿಸಿರಲಿಲ್ಲ. ಎರಡೂ ಪಾದಗಳನ್ನು ನೆಲಕ್ಕೆ ಪೂರ್ತಿ ಊರಿಕೊಂಡು, ಬಾತುಕೋಳಿಯ ಹಾಗೆ ಹೆಜ್ಜೆ ಹಾಕುತ್ತಾ ಸೈಕಲ್ಲನ್ನು ಅಂಗಡಿಯ ಬಾಗಿಲ ತನಕ ನಡೆಸಿಕೊಂಡು ಹೋಗಿದ್ದಳು. ನಾನು ಚೌಕಾಸಿ ನಿಲ್ಲಿಸಿ ದುಡ್ಡು ಕೊಟ್ಟುಬಿಟ್ಟೆ. ಟೈರು, ರಬ್ಬರು ಹೊಸದು ಹಾಕಿಸಿದ ಮೇಲೂ ಸೇಲಂನವನು ಹೇಳಿದ ಬೆಲೆಯ ಅರ್ಧವೂ ಆಗಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರು ಸೈಕಲ್ ಹತ್ತಿಸಬಾರದು ಅಂದ. ಹತ್ತಿಸಿದೆ. ಲಗೇಜು ಟಿಕೆಟ್ ಕೇಳಿದ, ಕೊಟ್ಟೆ. ಸೇಲಂ ಬರುವವರೆಗೂ ಅವನು ಗೊಣಗುತ್ತಲೇ ಇದ್ದ, ನಾನೂ ಜೊತೆಗೂಡಿದೆ.

ಮನೆಯಲ್ಲಿ ಅತ್ತೆ ಸೈಕಲ್ ನೋಡಿ ಮೂಗಿನ ಮೇಲೆ ಬೆರಳಿಟ್ಟರು. “ಇಷ್ಟೇ ಇಷ್ಟು! ಬರೋ ವರ್ಷ ಮೊಣಕಾಲು ಮೂಗಿಗೆ ಬಡೀತೈತೆ. ಎಷ್ಟು ದಿನಕ್ಕೆ ಆಗ್ತೈತೆ ಇದು?”

“ಇವತ್ತಿಗೆ ಆಗ್ತೈತೆ ಅತ್ತೆ.”

“ಬೆಳೆಯೋ ಮಗು ಕಣೇ ಅದು!”

ಆಗ ನನ್ನ ಬಾಯಿಗೆ ಬಂದದ್ದು ಮಗ್ಗ. ನಮ್ಮದು ಗುಂಡಿಮಗ್ಗ, ನೆಲದ ಅಂಚಿನಲ್ಲಿ ಕೂತು, ಗುಂಡಿಯೊಳಗೆ ಕಾಲು ಇಳಿಬಿಟ್ಟು, ತಳದಲ್ಲಿರುವ ಹಲಗೆ ತುಳಿದರೆ ಎಳೆಗಳು ಮೇಲೆ ಕೆಳಗೆ ಆಡುತ್ತವೆ. ಆ ಮನೆಗೆ ನಾನು ಸೊಸೆಯಾಗಿ ಬಂದಾಗ ನನ್ನ ಕಾಲು ಹಲಗೆಗೆ ಎಟಕುತ್ತಿರಲಿಲ್ಲ. ಆ ಗುಂಡಿ ತೋಡಿಸಿದ್ದು ಉದ್ದ ಕಾಲಿನ ಮಾವನಿಗೆ.

“ಅತ್ತೆ, ಅವತ್ತು ನೀವು ಏನ್ ಮಾಡಿದ್ರಿ? ನೀವೇ ಗುಂಡಿಗೆ ಇಳಿದು ತಳದಲ್ಲಿ ಇಟ್ಟಿಗೆ ಇಟ್ರಿ. ಹಗ್ಗ ಬಿಚ್ಚಿ ಹಲಗೇನ ನನ್ನ ಕಾಲಿಗೆ ಎತ್ತಿ ಕಟ್ಟಿದ್ರಿ. ಕಾಲು ಬೆಳೀಲಿ, ಆಮೇಲೆ ನೇಯಿ ಅಂದ್ರಾ?”

“ಅದು ಮಗ್ಗ. ಕಾಲು ಎಟಕದಿದ್ರೆ ಸೀರೆ ಕೆಡ್ತೈತೆ.”

“ಇಲ್ಲಿ ಮಗು ಕೆಡ್ತೈತೆ.”

ಅತ್ತೆ ಒಳಗೆ ಹೋಗಿ ಮಗ್ಗಕ್ಕೆ ಕೂತರು. ಅವರನ್ನು ನೋಯಿಸಿದೆನೆಂದು ಗೊತ್ತಿತ್ತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸ್ಪ್ಯಾನರು ತಂದು ಎರಡೂ ಪೆಡಲು ಬಿಚ್ಚಿಟ್ಟೆ. ಪಕ್ಕದ ಚಿಕ್ಕ ಚಕ್ರಗಳನ್ನಂತೂ ಅಂಗಡಿಯಲ್ಲೇ ಬೇಡ ಅಂದಿದ್ದೆ. ಮೊದಲು ಬರೀ ಕಾಲಲ್ಲಿ ತಳ್ಳಿಕೊಂಡು ಓಡಾಡಲಿ, ಯಾವ ಕಡೆ ವಾಲುತ್ತದೆ, ಎಲ್ಲಿ ಊರಬೇಕು ಅಂತ ಅವಳೇ ಕಂಡುಕೊಳ್ಳಲಿ ಅಂತ. ದುಡ್ಡು ಕೊಟ್ಟು ಪೆಡಲಿಲ್ಲದ ಸೈಕಲ್ ತಂದವಳೆಂದು ಭಾವ ಬೀದಿಗೆಲ್ಲ ಸಾರಿದರು. ನನ್ನ ಮಗಳು ಬೀದಿಯ ಈ ತುದಿಯಿಂದ ಆ ತುದಿಗೆ ತಳ್ಳಿಕೊಂಡು ಹೋದಳು, ಬಂದಳು. ಆಮೇಲಾಮೇಲೆ ಕಾಲೆತ್ತಿಕೊಂಡು ಜಾರತೊಡಗಿದಳು. ಒಂದು ಭಾನುವಾರ ತಾನೇ ಬಂದು ಕೇಳಿದಳು, “ಅಮ್ಮಾ, ಪೆಡಲ್ ಹಾಕ್ತೀಯಾ?”

ಹಾಕಿದೆ. ಹಿಡಿದುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಅವಳು ಹೋಗಿಯೇ ಬಿಟ್ಟಿದ್ದಳು.

ಬೀದಿಯ ತಿರುವಿನಲ್ಲಿ ಒಂದು ಆಟೋ ಒಳಗೆ ನುಗ್ಗಿತು. ಕೂಗಲು ನನಗೆ ದನಿ ಬರಲಿಲ್ಲ. ಬಾಯಿಬಡುಕಿಗೆ ಬಾಯಿ ಕಟ್ಟಿದ್ದು ಅದೊಂದೇ ಸಲ. ಅವಳು ಬ್ರೇಕ್ ಒತ್ತಿದಳು, ಎರಡೂ ಕಾಲು ಊರಿದಳು, ನಿಂತಳು. ಡ್ರೈವರು ತಲೆ ಹೊರಗೆ ಹಾಕಿ, ಹೆದರಿದೆಯಾ ಪಾಪು ಅಂತ ತಮಿಳಿನಲ್ಲಿ ಕೇಳಿದ. ಅವಳು ಅವನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, “ನೀಂಗ ಮೊದಲ್ಲ ಪೋಂಗ ಅಣ್ಣಾ” ಅಂದಳು. ನೀವು ಮೊದಲು ಹೋಗಿ. ಅವನು ನಗುತ್ತಾ ಹೋದ. ಅವಳು ಮತ್ತೆ ತುಳಿದಳು.

ನನ್ನ ಕಣ್ಣು ತುಂಬಿ ಬಂತು. ಒರೆಸಿಕೊಂಡು ತಿರುಗಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಯಾವಾಗ ಮಗ್ಗ ಬಿಟ್ಟು ಎದ್ದು ಬಂದರೋ ಗೊತ್ತಿಲ್ಲ.

“ಯಾವಳು ಇವಳನ್ನ ಪುಕ್ಕಲಿ ಅಂದೋಳು?” ಅಂದರು, ಬೀದಿಯವರಿಗೆಲ್ಲ ಕೇಳುವಂತೆ.

“ನೀವೇ, ಅತ್ತೆ.”

“ಊಂ, ನಾನೇ. ತಪ್ಪಾಯ್ತು ಅಂತ ಅವಳಿಗೆ ಯೋಳ್ತೀನಿ, ನಿಂಗಲ್ಲ,” ಅಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೆಟ್ಟಿಲಿಳಿದು, ಸೈಕಲ್ಲಿನ ಹಿಂದೆ ಬೀದಿಗೆ ನಡೆದರು.