ಎರಡು ಸಾಲಿನ ರಿಪೇರಿ

ಗದಗ ಜಿಲ್ಲೆಯಾಗಿ ಕೆಲವೇ ವರ್ಷಗಳಾಗಿದ್ದವು. ಬೋರ್ಡುಗಳ ಮೇಲೆ ಧಾರವಾಡ ಅಳಿಸಿ ಗದಗ ಬರೆದ ಬಣ್ಣ ಇನ್ನೂ ಹೊಸದಾಗಿತ್ತು. ನಾನು ಆಗ ಅಲ್ಲಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿ. ಬೆಟಗೇರಿಯಿಂದ ನಡೆದೇ ಹೋಗುತ್ತಿದ್ದೆ. ನೂಲಿಗೆ ಬಣ್ಣ ಹಾಕುವ ನಮ್ಮ ಅಬ್ಬಾ ಕೇಳಿದವರಿಗೆಲ್ಲ, "ಮಗಳು ಕಂಪ್ಯೂಟರ್ ಕಲಿಸ್ತಾಳ" ಎನ್ನುತ್ತಿದ್ದರು. ಕಲಿಸುವುದು ನನ್ನ ಕೆಲಸವಾಗಿರಲಿಲ್ಲ. ಯಂತ್ರ ಚಾಲೂ ಮಾಡಬೇಕು, ಧೂಳು ಒರೆಸಬೇಕು, ಕೆಟ್ಟದ್ದನ್ನು ಸರಿಮಾಡಬೇಕು. ಅದೂ ವರ್ಷದ ಕರಾರಿನ ಮೇಲೆ.

ಆ ವರ್ಷ ಪ್ರೋಗ್ರಾಮ್ ಬರೆಯಲು ಹೊಸ ಎಡಿಟರ್ ಹಾಕಿಸಿದ್ದರು. ಅದಕ್ಕೆ ಎರಡು ರೋಗ. ಬೇರೆ ಫೈಲಿನಿಂದ ಸಾಲುಗಳನ್ನು ತಂದು ಅಂಟಿಸಿದರೆ, ಸಾಲಿನ ಆರಂಭದಲ್ಲಿ ಮೊದಲೇ ಇದ್ದ ಖಾಲಿ ಜಾಗಕ್ಕೆ ಅದು ತಾನೇ ಇನ್ನಷ್ಟು ಜಾಗ ಸೇರಿಸಿ, ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಸರಿಯುತ್ತಿದ್ದವು. ಎರಡನೆಯದು ಬಣ್ಣದ್ದು. ಯಂತ್ರ ಓದದೆ ಬಿಡುವ ಟಿಪ್ಪಣಿಗಳು ನೀಲಿ ಕಾಣಬೇಕು. ಉದ್ದನೆಯ ಫೈಲಿನಲ್ಲಿ ಕೆಳಗೆ ಹೋದರೆ ಸರಿಯಾದ ಸಾಲುಗಳೂ ನೀಲಿಯಾಗುತ್ತಿದ್ದವು. ಒಂದು ಯಂತ್ರದಲ್ಲಿ ನಾಲ್ಕು ದಿನ ಕೂತು ಹುಡುಕಿದೆ. ಸೆಟ್ಟಿಂಗಿನ ಫೈಲಿನಲ್ಲಿ ಎರಡು ಸಾಲು ಬರೆದರೆ ಎರಡೂ ರೋಗ ಹೋಗುತ್ತಿದ್ದವು. ಎಲ್ಲ ಯಂತ್ರಗಳಿಗೆ ಹಾಕಲು ವಿಭಾಗದ ಮುಖ್ಯಸ್ಥರ ಪಾಸ್‌ವರ್ಡ್ ಬೇಕಿತ್ತು.

"ಪರೀಕ್ಷಾ ಮುಗೀಲಿ. ಈಗ ಮುಟ್ಟಿದ್ರ ಎಲ್ಲಾ ಕೆಟ್ಟು ಕುಂಡ್ರತೈತಿ," ಎಂದರು ಅವರು.

"ಒಂದ ಮಷೀನಿನ್ಯಾಗ ಮಾಡಿ ನೋಡೀನ್ರಿ ಸರ್."

"ಯಾರು ಮಾಡು ಅಂದ್ರು ನಿನಗ?"

ಪ್ರಾಕ್ಟಿಕಲ್ ಪರೀಕ್ಷೆಯ ದಿನ ನಾನು ಹಾಜರಿ ಪುಸ್ತಕ ಹಿಡಿದು ಬಾಗಿಲ ಬಳಿ ನಿಂತಿದ್ದೆ. ವಿದ್ಯಾರ್ಥಿಗಳ ಜೊತೆ ಮಾತಾಡುವಂತಿಲ್ಲ. ಹತ್ತಿರದ ಯಂತ್ರಕ್ಕೆ ಮುಂಡರಗಿಯಿಂದ ಬರುತ್ತಿದ್ದ ಹುಡುಗಿ ಕೂತಿದ್ದಳು. ಟೇಲರ್ ಒಬ್ಬರ ಮಗಳು. ಮೊದಲು ಕಾಗದದ ಮೇಲೆ ಬರೆದು, ಬೆರಳಿಟ್ಟು ಓದಿ, ಆಮೇಲೆ ಕೀಲಿ ಮುಟ್ಟುವವಳು. ತರಗತಿಯಲ್ಲಿ ಎಲ್ಲವನ್ನೂ ತಾನೇ ಟೈಪ್ ಮಾಡುತ್ತಿದ್ದವಳು ಅಂದು ಕೊಟ್ಟಿದ್ದ ಫೈಲಿನ ಸಾಲುಗಳನ್ನು ಅಂಟಿಸಿದಳು. ಎಲ್ಲ ಬಲಕ್ಕೆ ಓಡಿದವು. ಒಂದೊಂದೇ ಸಾಲನ್ನು ಹಿಂದಕ್ಕೆ ಎಳೆಯುತ್ತ ಪರೀಕ್ಷೆಯ ಅರ್ಧ ಹೊತ್ತು ಕಳೆದಳು. ಕೆಳಗೆ ಹೋದರೆ ಎಲ್ಲ ನೀಲಿ. ತಲೆ ಎತ್ತಿ ನನ್ನ ಮುಖ ನೋಡಿದಳು.

ಹೊರಗಿನಿಂದ ಬಂದ ಪರೀಕ್ಷಕರಿಗೆ ನಮ್ಮ ಮುಖ್ಯಸ್ಥರು ಚಹಾ ಕೊಡಿಸುತ್ತಿದ್ದರು. ಆ ಪರೀಕ್ಷಕರಿಗೆ ಹೋಗಿ ಹೇಳಬಹುದಿತ್ತು. ಬರುವ ತಿಂಗಳು ನನ್ನ ಕರಾರು ಮುಗಿಯುವುದಿತ್ತು. ನಾನು ಹಾಜರಿ ಪುಸ್ತಕ ನೋಡಿದೆ. ಅವಳು ಸರಿಯಿದ್ದ ಸಾಲುಗಳನ್ನೆಲ್ಲ ಟಿಪ್ಪಣಿಯಾಗಿಬಿಟ್ಟವೆಂದು ತಿಳಿದು ಅಳಿಸಿದಳು. ಮತ್ತೆ ಟೈಪ್ ಮಾಡುವಷ್ಟರಲ್ಲಿ ಗಂಟೆ ಹೊಡೆಯಿತು.

"ಒಂದ ಸಾಲರೆ ನೆಟ್ಟಗ ಐತೇನವಾ ಇದರಾಗ?" ಎಂದು ಪರೀಕ್ಷಕರು ನಕ್ಕರು. ಅವಳು ನಪಾಸಾದಳು.

ಮುಂದಿನ ಸೋಮವಾರ ಪಾಸ್‌ವರ್ಡ್ ಸಿಕ್ಕಿತು. ಮಧ್ಯಾಹ್ನದ ಊಟಕ್ಕೆ ಮೊದಲೇ ಎಲ್ಲ ಯಂತ್ರ ಸರಿಯಾದವು. ಮೀಟಿಂಗಿನಲ್ಲಿ ಮುಖ್ಯಸ್ಥರು, "ಎಡಿಟರಿನ ತ್ರಾಸ ನಾನ ಕುಂತು ತಗದೆ" ಎಂದರು. ನನ್ನ ಕರಾರು ಮುಂದುವರಿಯಿತು.

ಆರು ತಿಂಗಳ ಮೇಲೆ ಆ ಹುಡುಗಿ ಮರುಪರೀಕ್ಷೆಯ ತಯಾರಿಗೆ ಬಂದಳು. ಸಾಲುಗಳನ್ನು ಅಂಟಿಸಿದಳು, ನೆಟ್ಟಗೆ ಕೂತವು. ಮೇಲೆ ಕೆಳಗೆ ಹೋಗಿ ನೋಡಿ ನನ್ನನ್ನು ಕರೆದಳು.

"ಈಗ ಹೆಂಗ ಬರೋಬ್ಬರಿ ಬಂತ್ರಿ?"

ಮುಚ್ಚಿಡಲಾಗಲಿಲ್ಲ. ಎಲ್ಲ ಹೇಳಿದೆ.

"ಪರೀಕ್ಷಾಕ್ಕಿಂತ ಮೊದಲ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು."

"ನಾ ನಿಮ್ಮ ಮಾರಿ ನೋಡಿದ್ನಲ್ರಿ."

"ನಿನ್ನ ಕೂಡ ಮಾತಾಡಾಕ ಬರ್ತಿದ್ದಿಲ್ಲವಾ ಆವತ್ತ."

"ನನಗ ಬ್ಯಾಡ್ರಿ. ಪರೀಕ್ಷಕರಿಗರೆ ಹೇಳಬೇಕಿತ್ತು." ತಾನು ಬರೆದು ತಂದಿದ್ದ ಕಾಗದ ಮಡಚಿದಳು. "ಆರು ತಿಂಗಳ ಮನ್ಯಾಗ ಎಲ್ಲಾರೂ ನನಗ ದಡ್ಡಿ ಅಂದ್ರು. ಖರೆ ಅಂದ್ರ, ನಾನೂ ಹಂಗ ತಿಳಕೊಂಡಿದ್ದೆ."

ಆಮೇಲೆ ಪರದೆಯ ಕಡೆ ತಿರುಗಿದಳು. ಆ ಸಲ ಪಾಸಾದಳು. ನನಗೆ ಹೇಳಲು ಅವಳು ಬರಲಿಲ್ಲ. ಫಲಿತಾಂಶದ ಹಾಳೆಯಲ್ಲಿ ನೋಡಿದೆ.

ಬಹಳ ವರ್ಷಗಳ ಮೇಲೆ ಒಂದು ದಾಖಲೆಗಾಗಿ ಶಿರಹಟ್ಟಿಯ ಕಚೇರಿಯೊಂದಕ್ಕೆ ಹೋಗಿದ್ದೆ. ಕಂಪ್ಯೂಟರಿನ ಮುಂದೆ ಅವಳೇ ಇದ್ದಳು. ಗುರುತು ಹಿಡಿದಳೆಂದು ಕಣ್ಣಿನಲ್ಲೇ ತಿಳಿಯಿತು. ಹೆಸರು ಕೇಳಿದಳು, ತಂದೆಯ ಹೆಸರು ಕೇಳಿದಳು, ಅಕ್ಷರ ತಪ್ಪಬಾರದೆಂದು ಎರಡು ಸಲ ಓದಿ ತೋರಿಸಿದಳು. ಒಂದು ತಪ್ಪೂ ಇರಲಿಲ್ಲ. "ಚಲೋ ಇದ್ದೀಯವಾ?" ಎಂದೆ.

ಕಾಗದವನ್ನು ನನ್ನ ಕಡೆ ಸರಿಸಿ ಅವಳು ನನ್ನ ಹಿಂದೆ ನಿಂತವರನ್ನು ನೋಡಿದಳು. "ಮುಂದಿನವರು ಬರ್ರಿ," ಎಂದಳು.