ಭಾವನ ಗಾಳಕ್ಕೆ ಹಾಕಿದ ಗಂಟು

ನಮ್ಮ ಮನೆಯವರ ಬಲಗೈಯಲ್ಲಿ ಹೆಬ್ಬೆರಳೂ ಇಲ್ಲ, ತೋರುಬೆರಳೂ ಇಲ್ಲ. ಗುತ್ತೂರಿನ ಹತ್ತಿರದ ಕಾರ್ಖಾನೆಯೊಂದರ ಪ್ರೆಸ್ ಮಷಿನ್ನಿಗೆ ಹೋದವು. ಗಾಯ ಮಾಯ್ದ ಮೇಲೆ ಅಲ್ಲೇ ಗೇಟಿನ ಕೆಲಸ ಕೊಟ್ಟರು. ಅದನ್ನು ಅವರು ಸುಮ್ಮನೆ ಒಪ್ಪಿಕೊಂಡರು. ಅವರಿಗೆ ದಿಗಿಲಿದ್ದದ್ದು ಭಾನುವಾರದ್ದು.

ಮದುವೆಗೂ ಮುಂಚಿನಿಂದ ಭಾನುವಾರವೆಂದರೆ ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ತುಂಗಭದ್ರೆಯ ದಂಡೆಯಲ್ಲಿ ಗಾಳ ಹಾಕುವುದು. ಇವರು, ಇವರ ಅಣ್ಣ ಅಂದರೆ ನನ್ನ ಭಾವ, ಭಾವನ ಸ್ನೇಹಿತರಿಬ್ಬರು. ಕಾರು ಭಾವನದು, ಯಾರು ಬರಬೇಕು, ಯಾರು ಬರಬಾರದು ಎನ್ನುವುದೂ ಭಾವನದೇ. ಬೆರಳು ಹೋದ ಮೇಲೆ ನನ್ನನ್ನೂ ಹಿಂದಿನ ಸೀಟಿಗೆ ಕೂರಿಸಿದರು. ಇವನಿಗೆ ಡಬ್ಬಿ ಮುಚ್ಚಳ ತೆಗೆದು ಕೊಡಾಕ ಒಬ್ರು ಬೇಕಲ್ಲ, ಎಂದು ಭಾವ ನಗುತ್ತಲೇ ಹೇಳಿದ್ದರು.

ನೈಲಾನ್ ದಾರವಿದ್ದಾಗ ಇವರು ಹೇಗೋ ನಿಭಾಯಿಸುತ್ತಿದ್ದರು. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಐದಾರು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸಿ ಎಳೆದರೆ ಗಾಳ ನಿಲ್ಲುತ್ತಿತ್ತು. ಒಂದು ಭಾನುವಾರ ಭಾವ ಹೊಸ ದಾರ ತಂದರು. ಕಡುಹಸಿರು, ಎಳೆ ಎಳೆ ಹೆಣೆದದ್ದು, ಹೊಲಿಗೆಯ ದಾರಕ್ಕಿಂತ ತೆಳು. ಬೆರಳಿನ ಮೇಲೆ ಎಳೆದರೆ ಎಣ್ಣೆ ಸವರಿದ ಹಾಗೆ ಓಡುತ್ತಿತ್ತು. ಎಲ್ಲರ ರೀಲಿಗೂ ತಾವೇ ಸುತ್ತಿಕೊಟ್ಟರು, ತಮ್ಮನದಕ್ಕೂ. ಉಡುಗೊರೆ ಎಂದರು.

ಆ ದಾರದಲ್ಲಿ ಹಳೆಯ ಗಂಟು ನಿಲ್ಲಲಿಲ್ಲ. ಇವರು ಕಟ್ಟಿ ಎಸೆದರು. ಮೀನು ಎಳೆದ ಕೂಡಲೇ ಗಂಟು ಸರಕ್ಕನೆ ಬಿಚ್ಚಿಕೊಂಡು ಗಾಳ ನೀರು ಪಾಲಾಯಿತು. ಮತ್ತೆ ಕಟ್ಟಿದರು, ಮತ್ತೆ ಹಾಗೇ ಆಯಿತು. ಮಿರ್ಚಿ ಕಚ್ಚುತ್ತಾ ಕೂತಿದ್ದ ಸ್ನೇಹಿತರಲ್ಲೊಬ್ಬರು, ಮೀನುಗಳಿಗೆಲ್ಲ ಮೂಗುಬೊಟ್ಟು ಹಂಚಾಕ ಬಂದಾನ ನಿನ್ನ ತಮ್ಮ, ಎಂದರು. ಭಾವ ನಗಲಿಲ್ಲ. ನಿಧಾನಕ್ಕೆ ಹೇಳಿದರು:

"ಮುಂದಿನ ವಾರದಿಂದ ಬ್ಯಾಡ ಬಿಡಪ್ಪ. ಸೀಟು ಖಾಲಿ ಆದ್ರ ಇನ್ನೊಬ್ರು ಬರ್ತಾರ."

ಇವರು ಕೋಲು ಕೆಳಗಿಟ್ಟರು. ಉಳಿದ ಮೂರು ಬೆರಳನ್ನು ಮಡಿಸಿ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮಗೆ ಕ್ರೋಶಾ ಕಲಿಸಿದ್ದರು. ನುಣುಪು ದಾರವನ್ನು ಬರೀ ಸುತ್ತಿದರೆ ಸಾಲದು, ಅದನ್ನು ಅದರ ಮೇಲೇ ಮಡಿಸಿ ಬಿಗಿಯಬೇಕು ಎನ್ನುವುದು ನನಗೆ ಅಲ್ಲಿಂದಲೇ ಗೊತ್ತು. ಮೊಬೈಲಿನಲ್ಲಿ ಹುಡುಕಿದಾಗ ಅಂಥದ್ದೇ ಗಂಟು ಸಿಕ್ಕಿತು. ದಾರವನ್ನು ಮೊದಲು ಜೋಡಿಯಾಗಿ ಮಡಿಸಿ, ಆ ಮಡಿಕೆಯನ್ನೇ ಗಾಳದ ಕಣ್ಣಿನಲ್ಲಿ ತೂರಿಸಬೇಕು. ಜೋಡಿ ದಾರದಿಂದಲೇ ಒಂದು ಸಡಿಲ ಗಂಟು ಹಾಕಬೇಕು. ಆಮೇಲೆ ಮಡಿಕೆಯ ಕುಣಿಕೆಯನ್ನು ಅಗಲಿಸಿ ಇಡೀ ಗಾಳವನ್ನು ಅದರೊಳಗಿಂದ ದಾಟಿಸಬೇಕು. ಎಂಜಲು ಹಚ್ಚಿ ತೇವ ಮಾಡಿ ಎಳೆದರೆ ಮುಗಿಯಿತು. ಸುತ್ತುಗಳ ಲೆಕ್ಕ ಇಡಬೇಕಿಲ್ಲ, ಹೆಬ್ಬೆರಳಿನ ಆಸರೆ ಬೇಕಿಲ್ಲ. ದಾರ ಎರಡೆಳೆಯಾಗಿ ಗಾಳದ ಕಣ್ಣನ್ನು ಹಿಡಿಯುವುದರಿಂದ ಜಾರುವುದಿಲ್ಲ.

ಊಟದ ಮೇಜಿನ ಮುಂದೆ ಕೂತು ಇವರು ಆ ವಾರವೆಲ್ಲ ಕಲಿತರು. ದಾರ ಕೆಳತುಟಿಯನ್ನು ಕೊಯ್ದಿತು. ಉಪ್ಪಿನಕಾಯಿ ತಗುಲಿದರೆ ಉರಿಯುತ್ತಿತ್ತು. ನಾನು ಕಟ್ಟಿ ಕೊಡ್ತೀನಿ ಬಿಡಿ ಎಂದಾಗ ಅವರು ನೋಡಿದ ನೋಟಕ್ಕೆ ನಾನು ಅಡುಗೆಮನೆಗೆ ಎದ್ದು ಹೋದೆ.

ಭಾನುವಾರ ಕರೆಯದಿದ್ದರೂ ಇಬ್ಬರೂ ಹೋಗಿ ಕಾರಿನ ಬಳಿ ನಿಂತೆವು. ಭಾವ ಹತ್ತಿಸಿಕೊಂಡರು. ಇವರು ಮನೆಯಲ್ಲೇ ಕಟ್ಟಿ ತಂದಿದ್ದ ಗಂಟನ್ನು ದಂಡೆಯಲ್ಲಿ ನೋಡಿ, ಇದು ಇವನು ಕಟ್ಟಿದ್ದಲ್ಲ, ಮನೆಯಾಕಿ ಕಟ್ಟಿ ಕೊಟ್ಟಾಳ, ಎಂದರು. ಗಾಳವನ್ನು ಕತ್ತರಿಸಿ ಇವರ ಮಡಿಲಿಗೆ ಹಾಕಿ, ನಮ್ಮೆದುರಿಗೆ ಕಟ್ಟು ಎಂದರು.

ಕಟ್ಟಿದರು. ಹಲ್ಲು, ಎಡಗೈ, ಬಲಗೈಯ ಮೊಂಡು ಬುಡ, ಮೂರೂ ಸೇರಿಕೊಂಡು. ಜೊಲ್ಲು ಗಲ್ಲಕ್ಕಿಳಿಯಿತು. ಭಾವ ಗಾಳವನ್ನು ದಂಡೆಯ ಬೇಲಿ ತಂತಿಗೆ ಸಿಕ್ಕಿಸಿ ಜಗ್ಗಿದರು. ಗಂಟು ಅಲುಗಲಿಲ್ಲ. ಆಗ ನನಗೆ ಎದೆ ಹಗುರಾಯಿತು. ಸೀಟು ಉಳಿಯಿತು ಅಂದುಕೊಂಡೆ.

ಸೀಟೇನೋ ಉಳಿಯಿತು. ಮುಂದಿನ ವಾರ ಭಾವನ ಪರಿಚಯದವರೊಬ್ಬರು ಬೈಕಿನಲ್ಲಿ ದಂಡೆಗೆ ಬಂದರು. ಭಾವ ಅವರಿಗೆ, ಬರ್ರಿ, ಕೂಡ್ರಿ, ನಮ್ಮ ತಮ್ಮ ಒಂದು ಆಟ ಮಾಡ್ತಾನ ನೋಡ್ರಿ, ಎಂದರು. ಇವರು ಕಟ್ಟಿ ತೋರಿಸಿದರು. ಬಂದವರು ಮೊಬೈಲಿನಲ್ಲಿ ತೆಗೆದುಕೊಂಡರು. ಅದರ ಮುಂದಿನ ವಾರ ಬೇರೆ ಇಬ್ಬರು ಬಂದರು. ಬಾಯಿ ಹತ್ತಿರ ಹಿಡೀರಿ, ತುಟಿ ಕಾಣ್ಲಿ, ಎಂದು ಒಬ್ಬರು ಬೆಳಕು ನೋಡಿ ಜಾಗ ಬದಲಿಸಿದರು. ಆಮೇಲೆ ಎಲ್ಲರ ಗಾಳವನ್ನೂ ಇವರೇ ಕಟ್ಟುವುದು ರೂಢಿಯಾಯಿತು. ಭಾವ ಕೂತಲ್ಲಿಂದಲೇ ಕೋಲು ಚಾಚುತ್ತಿದ್ದರು, ಒತ್ತಿಸಿಕೊಳ್ಳಲು ಕಾಲು ಚಾಚಿದ ಹಾಗೆ.

ಬಿಡಿ, ಹೋಗೋದು ಬ್ಯಾಡ ಎಂದು ನಾನು ಮನೆಯಲ್ಲಿ ಹೇಳಿದೆ. "ಕಟ್ಟೋದು ಬಿಟ್ರ ನನ್ನ ಕರೆಯೋರು ಯಾರದಾರ?" ಎಂದರು.

ಚಳಿ ಶುರುವಾದ ಮೇಲೊಂದು ಭಾನುವಾರ ಭಾವ ತಮಗೆ ಕೆಲಸ ಕೊಟ್ಟ ಧಣಿಗಳನ್ನು ಕರೆದುಕೊಂಡು ಬಂದರು. ಅವರೆದುರಿಗೆ ಭಾವನ ಧ್ವನಿಯೇ ಸಣ್ಣದಾಗಿತ್ತು. ಈ ಹೊಳೆಯಲ್ಲಿ ಎಷ್ಟು ದೊಡ್ಡ ಕಾಟ್ಲಾ ಮೀನು ಹಿಡಿಯುತ್ತೇನೆಂದು ತೋರಿಸುವುದಾಗಿ ವಾರದ ಹಿಂದೆಯೇ ಹೇಳಿಕೊಂಡಿದ್ದರಂತೆ. ಎಂದಿನಂತೆ ಕೋಲು ಚಾಚಿದರು. ಇವರು ಗಾಳ ಕಟ್ಟತೊಡಗಿದರು. ಧಣಿಗಳು ನಕ್ಕರು. ನಾನು ಪಕ್ಕದಲ್ಲೇ ಮಂಡಕ್ಕಿ ಕಲಸುತ್ತಿದ್ದೆ. ಅವತ್ತು ಇವರು ದಾರವನ್ನು ಮಡಿಸಲಿಲ್ಲ. ಒಂದೇ ಎಳೆಯನ್ನು ತೂರಿಸಿ, ನೈಲಾನಿಗೆ ಸುತ್ತುತ್ತಿದ್ದ ಹಾಗೆ ಸುತ್ತಿದರು. ನಾನು ನೋಡುತ್ತಿದ್ದುದನ್ನು ಇವರೂ ನೋಡಿದರು. ನಾನು ಮಂಡಕ್ಕಿಗೆ ಈರುಳ್ಳಿ ಹಾಕಿದೆ.

ಕಾಟ್ಲಾ ಬಂತು. ಕೋಲು ಬಿಲ್ಲಾಯಿತು, ಧಣಿಗಳು ಎದ್ದು ನಿಂತರು, ನೀರಿನ ಮೇಲೆ ಒಮ್ಮೆ ಅದರ ಅಗಲ ಬೆನ್ನು ಕಂಡಿತು. ಮರುಗಳಿಗೆ ಕೋಲು ನೆಟ್ಟಗಾಗಿ ಭಾವ ಹಿಂದಕ್ಕೆ ಕೆಸರಿನಲ್ಲಿ ಕೂತರು. ರೀಲಿಗೆ ಸುತ್ತಿಕೊಂಡು ನೋಡಿದರೆ ದಾರದ ತುದಿ ಸುರುಳಿಯಾಗಿತ್ತು. ಹರಿದಿದ್ದರೆ ಎಳೆ ಎಳೆ ಬಿಚ್ಚಿಕೊಂಡಿರುತ್ತಿತ್ತು. ಸುರುಳಿಯಾದರೆ ಗಂಟು ಜಾರಿದೆ ಎಂದರ್ಥ. ಅಷ್ಟು ಭಾವನಿಗೂ ಗೊತ್ತು.

"ಏನ್ ಕಟ್ಟಿದ್ಯೋ?" ಎಂದರು.

"ಜಾರಿತಣ್ಣ," ಎಂದರು ಇವರು. ಬಲಗೈಯನ್ನು ಧಣಿಗಳ ಕಡೆಗೂ ಎತ್ತಿ ತೋರಿಸಿದರು. "ಈ ಕೈ ನಂಬಿ ಕುಂತಿಯಲ್ಲ, ನೀನು."

ಧಣಿಗಳು ಈ ಸಲ ಭಾವನನ್ನು ನೋಡಿ ನಕ್ಕರು.

ಅಲ್ಲಿಂದ ಮುಂದೆ ಭಾವನ ಫೋನು ಬರಲಿಲ್ಲ. ನಾವಿಬ್ಬರೇ ಬಸ್ಸಿನಲ್ಲಿ ಹೋಗೋಣವೇ ಎಂದು ಕೇಳಿದರೆ, ಮೀನು ಮಾರ್ಕೆಟ್‌ನಾಗೂ ಸಿಗ್ತಾವು ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಚಹಾ ಹಿಡಿದು ಕೂತು, ಅಣ್ಣ ಕೆಸರಿನಾಗ ಕುಂತಾಗ ಮುಖ ಹೆಂಗಿತ್ತು ಹೇಳು, ಎಂದು ನನ್ನನ್ನು ಕೇಳುತ್ತಾರೆ. ಬಾಯಿ ತೆರೆದೇ ಇತ್ತು, ಕಣ್ಣಲ್ಲಿ ನೀರು ಬಂದಿತ್ತು ಎನ್ನುತ್ತೇನೆ. ಕಣ್ಣಲ್ಲಿ ನೀರೇನೂ ಬಂದಿರಲಿಲ್ಲ. ವಾರ ವಾರಕ್ಕೂ ಒಂದಿಷ್ಟು ಸೇರಿಸಿಯೇ ಹೇಳುತ್ತೇನೆ.