ಕೊನೆಗೆ ಬಂದವರು ಅಡುಗೆ ಮಾಡಬೇಕು

ಈ ಮಾರ್ಚಿನಲ್ಲಿ ನಮ್ಮ ಬೇಸ್‌ಮೆಂಟಿನಲ್ಲಿ ಒಬ್ಬ ಬೇಸ್‌ಬಾಲ್ ಆಟಗಾರನ ಮೊಣಕೈ ವಿಚಾರಕ್ಕೆ ದೊಡ್ಡ ಜಗಳವಾಯಿತು. ಆ ಪುಣ್ಯಾತ್ಮನಿಗೆ ನಾವು ಯಾರೆಂದು ಗೊತ್ತಿಲ್ಲ. ನಾವು ಇದ್ದೇವೆ ಎಂಬುದೂ ಗೊತ್ತಿಲ್ಲ. ಆದರೂ ಅವನ ಮೊಣಕೈಗಾಗಿ ಪರದೇಶಕ್ಕೆ ಬಂದು ನೆಲೆಸಿದ ಹತ್ತು ಜನ ಕನ್ನಡಿಗರು ಇಡೀ ಭಾನುವಾರ ಗಂಟಲು ಹರಿದುಕೊಂಡೆವು.

ಬೇಸ್‌ಬಾಲ್ ಗೊತ್ತಿಲ್ಲದವರು ದಯವಿಟ್ಟು ಪುಟ ತಿರುಗಿಸಬೇಡಿ. ನನಗೂ ಅಷ್ಟಾಗಿ ಗೊತ್ತಿಲ್ಲ. (ಅದು ಮುಂದೆ ನಿಮಗೇ ತಿಳಿಯುತ್ತದೆ.) ಫ್ಯಾಂಟಸಿ ಲೀಗ್ ಅಂದರೆ ಇಷ್ಟೇ: ನಿಜವಾದ ಆಟಗಾರರನ್ನು ಆರಿಸಿಕೊಂಡು ನಾವು ಒಬ್ಬೊಬ್ಬರೂ ಫೋನಿನಲ್ಲಿ ಒಂದೊಂದು ಟೀಮು ಕಟ್ಟುತ್ತೇವೆ. ಮೈದಾನದಲ್ಲಿ ಬೆವರು ಸುರಿಸುವವರು ಅವರು. ಪಾಯಿಂಟು ಬರುವುದು ಸೋಫಾದ ಮೇಲೆ ಕೂತ ನಮಗೆ. ಇಷ್ಟು ಸುಖದ ಕೆಲಸ ಬೇರೆ ಯಾವುದಿದೆ?

ನಮ್ಮ ಲೀಗಿನಲ್ಲಿ ಬಹುಮಾನವಿಲ್ಲ. ಶಿಕ್ಷೆ ಮಾತ್ರ ಇದೆ. ಕೊನೆಯ ಸ್ಥಾನಕ್ಕೆ ಬಂದವರು ಸೀಸನ್ ಮುಗಿದ ಮೇಲೆ ಎಲ್ಲ ಟೀಮಿನವರನ್ನೂ ಸಂಸಾರ ಸಮೇತ ಊಟಕ್ಕೆ ಕರೆಯಬೇಕು. ಸ್ವಂತ ಕೈಯಿಂದ ಅಡುಗೆ ಮಾಡಿ ಬಡಿಸಬೇಕು. ಕೇಟರಿಂಗ್ ಇಲ್ಲ, ಮನೆಯವರ ಸಹಾಯವೂ ಇಲ್ಲ.

ಲೀಗು ಶುರುವಾದಾಗಿನಿಂದ ಕೊನೆಗೆ ಬರುತ್ತಿರುವವರು ಒಬ್ಬರೇ, ನಮ್ಮ ಸರೋಜಮ್ಮ.

ಸರೋಜಮ್ಮ ಮೈಸೂರಿನವರು. ಬ್ರಾಂಪ್ಟನ್ನಿನಲ್ಲಿ ಮಗಳ ಜೊತೆ ಇದ್ದಾರೆ. ಟೀವಿಯಲ್ಲಿ ಒಂದು ಮ್ಯಾಚನ್ನೂ ಬಿಡುವವರಲ್ಲ. ಹಾಗಿದ್ದರೆ ಸೋಲುವುದೇಕೆ? ಅವರು ಗಾಯವಾದ ಆಟಗಾರರನ್ನು ಟೀಮಿನಿಂದ ತೆಗೆಯುವುದಿಲ್ಲ. ಗಾಯಾಳುಗಳನ್ನು ಪಕ್ಕಕ್ಕೆ ಕೂರಿಸಲು ಎಲ್ಲ ಲೀಗುಗಳಲ್ಲೂ ಒಂದಿಷ್ಟು ಜಾಗ ಇರುತ್ತದಂತೆ. ನಮ್ಮ ಲೀಗಿನಲ್ಲಿ ಅದನ್ನು ಮೊದಲ ವರ್ಷವೇ ಯಾರೋ ಮರೆತರು, ಆಮೇಲೆ ಯಾರೂ ಕೇಳಲಿಲ್ಲ. ಹಾಗಾಗಿ ನಮ್ಮಲ್ಲಿ ಯಾರಿಗಾದರೂ ಪೆಟ್ಟಾದರೆ ಅವನನ್ನು ಬಿಟ್ಟು ಗಟ್ಟಿಮುಟ್ಟಾದ ಇನ್ನೊಬ್ಬನನ್ನು ಹಿಡಿಯಬೇಕು. ನಾವೆಲ್ಲ ಮುಲಾಜಿಲ್ಲದೆ ಅದನ್ನೇ ಮಾಡುತ್ತೇವೆ. ಮಂಡಿ ನೋವೇ? ನಮಸ್ಕಾರ, ಹೋಗಿ ಬನ್ನಿ.

ಸರೋಜಮ್ಮನಿಗೆ ಅದು ಆಗದು. "ಹುಷಾರಿಲ್ಲ ಅಂತ ಮನೆಯಿಂದ ಆಚೆ ಹಾಕ್ತಾರೇನಪ್ಪಾ?" ಅನ್ನುತ್ತಾರೆ. ಹಾಗಾಗಿ ಆಗಸ್ಟ್ ಬರುವಷ್ಟರಲ್ಲಿ ಅವರ ಅರ್ಧ ಟೀಮು ಬ್ಯಾಂಡೇಜಿನಲ್ಲಿರುತ್ತದೆ. ಪಾಯಿಂಟು ಸೊನ್ನೆ. ಅಕ್ಟೋಬರಿನಲ್ಲಿ ನಮಗೆಲ್ಲ ಬಿಸಿಬೇಳೆ ಬಾತು, ಕೋಸಂಬರಿ, ಹೋಳಿಗೆ!

ಈಗ ಸೀಸನ್ನಿಗೆ ಮುಂಚಿನ ಆ ಮಾರ್ಚ್ ಮೀಟಿಂಗಿಗೆ ಬರೋಣ. ಅಧ್ಯಕ್ಷತೆ ಒಶಾವಾದಿಂದ ಬಂದ ರಘುನದು. ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಇಂಜಿನಿಯರು, ನಮ್ಮ ಲೀಗಿಗೆ ಕಮಿಷನರು. (ಯಾರೂ ಆರಿಸಿದ್ದಲ್ಲ, ಅವನೇ ಆದದ್ದು.) ಲ್ಯಾಪ್‌ಟಾಪು ತೆರೆದು "ರೂಲ್ ಚೇಂಜಸ್ ಏನಾದ್ರೂ ಇದ್ಯಾ?" ಎಂದ. ಅವನ ಬಾಯಲ್ಲಿ ಸರೋಜಮ್ಮ ತಂದಿದ್ದ ಕೋಡುಬಳೆ ಇತ್ತು. ನಮ್ಮೆಲ್ಲರ ಬಾಯಲ್ಲೂ ಇತ್ತು.

ಸರೋಜಮ್ಮ ಕೈ ಎತ್ತಿದರು. "ನನ್ನ ಟೀಮಲ್ಲಿ ಚೆಂಡು ಎಸೆಯೋ ಪಿಚರ್ ಇದಾನಲ್ಲ, ಪಾಪ, ಆ ಹುಡುಗನಿಗೆ ಮೊಣಕೈ ಆಪರೇಷನ್ ಆಗಿದೆ. ಈ ವರ್ಷ ಮೂರು ಜಾಗ ಹುಷಾರಿಲ್ಲದವರಿಗೆ ಅಂತ ಇಡೋಣ. ಅವರು ಅಲ್ಲಿ ಸುಧಾರಿಸ್ಕೊಳ್ಳಲಿ. ಅವರ ಬದಲಿಗೆ ಬೇರೆಯವರನ್ನ ಆಡಿಸೋಣ."

"ವೆರಿ ಫೇರ್!" ಎಂದು ಮೊದಲು ಕೂಗಿದವನು ನಾನೇ. ಉದಾರ ಹೃದಯ ನೋಡಿ ನನ್ನದು. ಎಲ್ಲರೂ ತಲೆಯಾಡಿಸಿದರು. ಇನ್ನೇನು ಪಾಸ್ ಆಗಬೇಕು, ಅಷ್ಟರಲ್ಲಿ ರಘು ಲ್ಯಾಪ್‌ಟಾಪಿನಲ್ಲಿ ಏನೋ ಕುಟ್ಟಿದ.

"ಒಂದ್ನಿಮಿಷ. ಈ ರೂಲ್ ಹೋದ ವರ್ಷಾನೇ ಇದ್ದಿದ್ರೆ ಆಂಟಿ ನಾಲ್ಕನೇ ಪ್ಲೇಸ್ ಬರ್ತಿದ್ರು."

ಚಪ್ಪಾಳೆ ಬಿತ್ತು. ಸರೋಜಮ್ಮನ ಮುಖ ಅರಳಿತು.

"ಲಾಸ್ಟ್ ಬರ್ತಿದ್ದಿದ್ದು ಮೂರ್ತಿ."

ಮೂರ್ತಿ ಅಂದರೆ ನಾನು. ಚಪ್ಪಾಳೆ ನಿಂತಿತು. ಎಲ್ಲರೂ ನನ್ನ ಅಡುಗೆಯನ್ನು ನೆನೆಸಿಕೊಳ್ಳುತ್ತಿದ್ದರು. ಒಮ್ಮೆ ಕ್ಯಾಂಪಿಂಗಿಗೆ ಹೋದಾಗ ಎಲ್ಲರಿಗೂ ನಾನು ಉಪ್ಪಿಟ್ಟು ಮಾಡಿಕೊಟ್ಟಿದ್ದೆ. ಅದನ್ನು ಚಾಕುವಿನಲ್ಲಿ ಕತ್ತರಿಸಿ ತಿಂದಿದ್ದರು.

ಮೊದಲು ಬಾಯಿ ಬಿಟ್ಟವನು ಧಾರವಾಡದ ಶಿವಾನಂದ. "ಹಂಗಾರ ಊಟದ ಗತಿ ಏನ್ರೀ?"

ಅಲ್ಲಿಂದ ಎಲ್ಲರಿಗೂ ಜ್ಞಾನೋದಯವಾಗತೊಡಗಿತು. ರೂಲು ಬದಲಾಯಿಸಿದರೆ ಲೀಗಿನ ಸ್ವಾರಸ್ಯ ಹೋಗುತ್ತದೆ ಎಂದನೊಬ್ಬ. ಒಂದು ಕಮಿಟಿ ಮಾಡಿ ಮುಂದಿನ ವರ್ಷ ನೋಡೋಣ ಎಂದಳೊಬ್ಬಳು. ನಾನಂತೂ "ಟ್ರೆಡಿಷನ್" ಎಂಬ ಪದವನ್ನೇ ಬಳಸಿಬಿಟ್ಟೆ. ಐದು ನಿಮಿಷದ ಹಿಂದೆ "ವೆರಿ ಫೇರ್" ಎಂದ ಬಾಯಿ ಅದು! ಕೊನೆಗೆ ರಘು ತನ್ನ ಬ್ರಹ್ಮಾಸ್ತ್ರ ಬಿಟ್ಟ. "ಆಂಟಿ, ಅಷ್ಟಕ್ಕೂ ನಿಮಗೆ ಅಡುಗೆ ಮಾಡೋದು ಅಂದ್ರೆ ಇಷ್ಟ ಅಲ್ವಾ?"

"ಇಷ್ಟಾನೇ ಕಣಪ್ಪಾ," ಎಂದರು ಸರೋಜಮ್ಮ. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಆದ್ರೆ ನೀವೆಲ್ಲ ಎದ್ದ ಮೇಲೆ ನಾನು ಕೂರೋದು. ಅಷ್ಟೊತ್ತಿಗೆ ಬಾತು ಆರಿ ಗಟ್ಟಿಯಾಗಿರತ್ತೆ. ಬಿಸಿಬೇಳೆ ಬಾತನ್ನ ಬಿಸಿಯಾಗಿ ತಿಂದು ಎಷ್ಟು ವರ್ಷ ಆಯ್ತೋ ಏನೋ. ಒಂದು ಸಲ ನಂಗೂ ಎಲೆ ಮುಂದೆ ಕೂತು ಹಾಕಿಸ್ಕೊಂಡು ತಿನ್ನಬೇಕು ಅಂತ ಇರಲ್ವಾ?"

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಪ್ರತಿ ವರ್ಷವೂ ಅವರ ಮನೆಯಲ್ಲಿ ಮೂರು ಮೂರು ಸಲ ಬಾತು ಹಾಕಿಸಿಕೊಂಡಿದ್ದೇನೆ, ಅವರು ಯಾವಾಗ ಊಟ ಮಾಡಿದರು ಎಂದು ಒಮ್ಮೆಯೂ ನೋಡಿರಲಿಲ್ಲ.

ಇದು ಬೇಸ್‌ಬಾಲಿನ ಕಥೆ ಮಾತ್ರವೇ? ನಿಮ್ಮ ಆಫೀಸನ್ನು ನೆನೆಸಿಕೊಳ್ಳಿ. ಪ್ರತಿ ಮೀಟಿಂಗಿನ ನೋಟ್ಸ್ ಬರೆಯುವವರು ಒಬ್ಬರೇ ಅಲ್ಲವೇ? ನಿಮ್ಮ ಮನೆಯಲ್ಲಿ ಕೊನೆಯ ದೋಸೆ ಯಾರದು? ಕೇಳಿದರೆ "ಅವಳಿಗೆ ಅದೇ ಇಷ್ಟ" ಅನ್ನುತ್ತೇವೆ. ನಮಗೆ ಅನುಕೂಲವಾದದ್ದನ್ನೆಲ್ಲ ಬೇರೆಯವರ ಇಷ್ಟ ಮಾಡಿಬಿಡುವುದರಲ್ಲಿ ನಮ್ಮದು ಪಳಗಿದ ಕೈ.

ಅಷ್ಟು ಹೊತ್ತು ಕೋಡುಬಳೆ ಜಗಿಯುತ್ತಿದ್ದ ಶಿವಾನಂದ ಅದನ್ನು ನುಂಗಿ ಎದ್ದು ನಿಂತ. "ಹಂಗಾರ ನಂದೂ ಒಂದ್ ರೂಲ್ ಐತ್ರಿ. ಮಾಲ್ಟನ್‌ದಾಗ ಅದೀನಿ ಅಂತ ಎಲ್ಲಾರ ಬೀಗರನ್ನೂ ಏರ್‌ಪೋರ್ಟಿಂದ ನಾನ ಕರ್ಕೊಂಡ್ ಬರ್ತೀನಿ. 'ನಿಮಗ ಹತ್ರ ಆಕ್ಕೇತಿ' ಅಂತೀರಿ. ನನಗೇನು ವಿಮಾನ ನೋಡೂ ಹುಚ್ಚೇನ್ರಿ? ಸರೋಜಮ್ಮಾರಿಗೆ ನನ್ನ ವೋಟು!"

ಎಲ್ಲರೂ ನಕ್ಕರು. (ರಘು ಸ್ವಲ್ಪ ಕಡಿಮೆ ನಕ್ಕ. ಮುಂದಿನ ವಾರ ಅವನ ಅತ್ತೆ ಮಾವ ಬರುವವರಿದ್ದರು.) ನನ್ನ ಹೆಂಡತಿ ವಿದ್ಯಾಗೂ ಲೀಗಿನಲ್ಲಿ ಒಂದು ಟೀಮಿದೆ. ನನ್ನನ್ನೇ ನೋಡುತ್ತಾ, ನಿಧಾನವಾಗಿ, ಬಹಳ ಖುಷಿಯಿಂದ ಕೈ ಎತ್ತಿದಳು. ಆಮೇಲೆ ಒಂದೊಂದೇ ಕೈ ಮೇಲೆ ಹೋಯಿತು. ಕೊನೆಯದು ನನ್ನದು. ಕೊನೆಗೆ ಬರುವುದನ್ನು ಆಗಲೇ ಅಭ್ಯಾಸ ಮಾಡಿಕೊಂಡಂತಾಯಿತು.

ಈಗ ಜುಲೈ ತಿಂಗಳು. ಮೊಣಕೈ ಹುಡುಗ ತನ್ನ ಹೊಸ ಜಾಗದಲ್ಲಿ ಹಾಯಾಗಿ ಸುಧಾರಿಸಿಕೊಳ್ಳುತ್ತಿದ್ದಾನೆ. ಸರೋಜಮ್ಮನ ಟೀಮು ಮೂರನೇ ಸ್ಥಾನದಲ್ಲಿದೆ. ನಾನು ಎಲ್ಲಿದ್ದೇನೆ ಎಂದು ಬೇರೆ ಹೇಳಬೇಕೇ? ನನ್ನ ಆಟಗಾರರು ಗುಂಡುಕಲ್ಲಿನಂತೆ ಆರೋಗ್ಯವಾಗಿದ್ದಾರೆ, ಒಬ್ಬನೂ ಚೆಂಡಿಗೆ ಹೊಡೆಯುವುದಿಲ್ಲ.

ಅಡುಗೆಗೆ ಈಗಿನಿಂದಲೇ ತಯಾರಾಗುವುದು ಒಳ್ಳೆಯದು ಅನ್ನಿಸಿತು. ಮೊನ್ನೆ ಶನಿವಾರ ಬಿಸಿಬೇಳೆ ಬಾತಿನ ಟ್ರಯಲ್ ಮಾಡಿದೆ. ವಿದ್ಯಾ ಒಂದು ತುತ್ತು ತಿಂದು ಮೊಸರು ತರಲು ಎದ್ದು ಹೋದಳು. ಇನ್ನು ಮಾನ ಮರ್ಯಾದೆ ನೋಡಿ ಪ್ರಯೋಜನವಿಲ್ಲ ಎಂದು ಸರೋಜಮ್ಮನಿಗೇ ಫೋನ್ ಮಾಡಿ, "ಅಮ್ಮಾ, ನಿಮ್ಮ ಬಾತಿನ ಪುಡಿಗೆ ಏನೇನು ಹಾಕ್ತೀರಿ, ಸ್ವಲ್ಪ ಹೇಳ್ಕೊಡಿ" ಎಂದು ಅಂಗಲಾಚಿದೆ.

ಆ ಕಡೆ ಟೀವಿಯಲ್ಲಿ ಮ್ಯಾಚಿನ ಗದ್ದಲ. ಅದನ್ನು ಸಣ್ಣ ಮಾಡಿ ಸರೋಜಮ್ಮ ಕೇಳಿದರು:

"ಎದುರು ಟೀಮಿನವರಿಗೆ ಗುಟ್ಟು ಹೇಳ್ಕೊಡಬೇಕು ಅಂತ ಯಾವ ರೂಲಲ್ಲಿದೆ ಮೂರ್ತಿ?"